ಕುಕ್ಕರು ಕೆಟ್ಟಿತೆ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮ ಹಿರಿಯರ ಮಾತು. ಆದರೆ ಅನ್ನ ಬೇಯಿಸುವ ಯಂತ್ರವೇ ಕೆಟ್ಟಿದೆಯೇ ಎಂದು ತಿಳಿಯಲು ಅಷ್ಟು ಸುಲಭವಾದ ಉಪಾಯವನ್ನು ಯಾವ ಹಿರಿಯರೂ ಹೇಳಿಕೊಟ್ಟಿಲ್ಲ. ಆದುದರಿಂದಲೇ ವಿದ್ಯುತ್ ಕುಕ್ಕರು ಮುಷ್ಕರ ಹೂಡಿದ ದಿನ ಮನೆಮಂದಿಯೆಲ್ಲರೂ ನ್ಯಾಯಾಧೀಶರಾಗುತ್ತಾರೆ. ಯಜಮಾನರು “ಅಗ್ಗದ ಮಾಲು” ಎನ್ನುತ್ತಾರೆ. ಮಗರಾಯ “ಹೊಸದು ತರೋಣ” ಎನ್ನುತ್ತಾನೆ. ಅಜ್ಜಿ “ಒಲೆಯ ಮೇಲೆ ಇಟ್ಟಿದ್ದರೆ ಇಷ್ಟು ಹೊತ್ತಿಗೆ ಊಟವೇ ಮುಗಿದಿರುತ್ತಿತ್ತು” ಎಂದು ಗೊಣಗುತ್ತಾರೆ. ಕುಕ್ಕರಿಗೆ ಶಿಕ್ಷೆಯಾಗುತ್ತದೆ, ಅದು ಅಟ್ಟ ಸೇರುತ್ತದೆ. ಅದರ ಹಿಂದಿನ ಗೋಡೆಯ ಕಡೆಗೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ.

ನಾನು ಬಳ್ಳಾರಿಯಲ್ಲಿ ಬಹುಕಾಲ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ಈಗ ವಿಶ್ರಾಂತನಾಗಿರುವವನು. ನಿವೃತ್ತ ವಿಜ್ಞಾನದ ಮಾಸ್ತರರೆಂದರೆ ನೆಂಟರಿಷ್ಟರಿಗೆ ಪುಕ್ಕಟೆಯ ರಿಪೇರಿ ಅಂಗಡಿ ಇದ್ದಂತೆ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಫ್ಯಾನು, ಎಲ್ಲವೂ ನಮ್ಮ ಮನೆಯ ಜಗುಲಿಯನ್ನು ಕಂಡಿವೆ. ಹೀಗೆ ನನ್ನ ಕಣ್ಣೆದುರಿಗೆ ಬಂದ ಮೂರು ಊರುಗಳ ಮೂರು ಕುಕ್ಕರುಗಳ ವೃತ್ತಾಂತವನ್ನು ಓದುಗರ ಮುಂದಿಡುತ್ತಿದ್ದೇನೆ. ಬಳ್ಳಾರಿಯದು ಒಂದು, ಸಿರುಗುಪ್ಪದ್ದು ಒಂದು, ಕುರುಗೋಡಿನದು ಒಂದು. ಮೊದಲಿನೆರಡು ಊಟದ ಹೊತ್ತನ್ನು ಕೆಡಿಸಿದುವು. ಮೂರನೆಯದು ಪ್ರಾಣದ ಪ್ರಶ್ನೆಯಾಗಿತ್ತು.

ಕಥೆಗೆ ಮೊದಲು ಈ ಯಂತ್ರದ ಹುಟ್ಟು ಗುಣಗಳನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ತಾನಾಗಿ ಆರಿಹೋಗುವ ವಿದ್ಯುತ್ ಅನ್ನದ ಪಾತ್ರೆಯನ್ನು ಜಪಾನಿನ ತೋಷಿಬಾ ಸಂಸ್ಥೆ ೧೯೫೫ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದವರು ಮಿನಾಮಿ ಯೋಶಿತಾದ ಎಂಬ ಸಣ್ಣ ಕಾರ್ಖಾನೆಯ ಒಡೆಯರು. ಅನ್ನ ಮಾಡಿ ಮಾಡಿ ಪ್ರಯೋಗ ನಡೆಸಿದವರು ಅವರ ಪತ್ನಿ ಫುಮಿಕೊ. ಉಪಾಯ ಬಹಳ ಸರಳವಾದುದು. ಪಾತ್ರೆಯ ಹೊರಸುತ್ತಿನಲ್ಲಿ ಒಂದು ಲೋಟ ನೀರು ಹಾಕಿಡುವುದು. ಆ ನೀರು ಕುದಿದು ಆರುವವರೆಗೆ ಶಾಖ ನೂರು ಡಿಗ್ರಿಯನ್ನು ದಾಟಲಾರದು. ಆರಿದೊಡನೆ ಶಾಖ ಮೇಲೇರುತ್ತದೆ, ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ ಬಾಗಿ ವಿದ್ಯುತ್ತನ್ನು ಕಡಿದುಬಿಡುತ್ತದೆ.

ಇಂದು ನಮ್ಮ ಮನೆಗಳಲ್ಲಿರುವ ಸಾದಾ ಕುಕ್ಕರಿನಲ್ಲಿ ಹೊರಗಿನ ನೀರಿಲ್ಲ. ಅಕ್ಕಿಯೊಡನೆ ಇರುವ ನೀರೇ ಆ ಕೆಲಸ ಮಾಡುತ್ತದೆ. ತಳದ ಕಾವಲಿಯ ನಡುವೆ ಒತ್ತಿದರೆ ಕುಗ್ಗುವ ಒಂದು ಗುಂಡಿಯಿದೆ. ಅದರೊಳಗೆ ಅಯಸ್ಕಾಂತ ಮತ್ತು ಅದನ್ನು ಹಿಡಿದುಕೊಳ್ಳುವ ಒಂದು ವಿಶೇಷ ಲೋಹದ ತುಂಡು. ನೀರಿರುವವರೆಗೆ ಪಾತ್ರೆಯ ತಳ ಸುಮಾರು ನೂರು ಡಿಗ್ರಿಯಲ್ಲೇ ನಿಲ್ಲುತ್ತದೆ. ನೀರು ಇಂಗಿ ಶಾಖವು ೧೦೩ ಡಿಗ್ರಿಯ ಆಸುಪಾಸಿಗೆ ಬಂದಾಗ ಆ ತುಂಡು ತನ್ನ ಕಾಂತಗುಣವನ್ನು ಬಿಟ್ಟುಕೊಡುತ್ತದೆ, ಸ್ಪ್ರಿಂಗು ತಳ್ಳುತ್ತದೆ, ‘ಟಕ್’ ಎಂದು ಲಿವರು ಬೀಳುತ್ತದೆ. ಕುಕ್ಕರಿಗೆ ಅನ್ನದ ರುಚಿ ಗೊತ್ತಿಲ್ಲ, ಗಡಿಯಾರವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ತಳಕ್ಕೆ ತಾಗಿದ ಶಾಖವೊಂದೇ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ರಿಪೇರಿ ಆದಂತೆಯೇ.

ಮೊದಲು ನಮ್ಮ ಬಳ್ಳಾರಿಯ ಮನೆಯ ಸಂಗತಿ. ಒಂದು ಬೆಳಿಗ್ಗೆ ಸ್ವಿಚ್ಚು ಹಾಕಿದರೂ ಕುಕ್ಕರಿನ ದೀಪ ಹತ್ತಲಿಲ್ಲ. ಮಗ ಆಗಲೇ ಮೊಬೈಲಿನಲ್ಲಿ ಹೊಸ ಕುಕ್ಕರುಗಳ ಬೆಲೆ ನೋಡತೊಡಗಿದ್ದ. ಸೊಸೆ ಮಾತ್ರ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು ಮುಟ್ಟಿ ನೋಡಿ, “ಮಾವ, ಇದು ನೋಡಿ, ಕುಕ್ಕರು ತಣ್ಣಗಿದೆ, ಪ್ಲಗ್ಗು ಮಾತ್ರ ಸುಡುತ್ತಿದೆ” ಎಂದಳು. ಪರೀಕ್ಷೆ ಅಲ್ಲಿಗೇ ಮುಗಿಯಿತು ಎನ್ನಬಹುದು. ಪ್ಲಗ್ಗಿನ ಒಂದು ಕಾಲು ಕಂದುಗಟ್ಟಿತ್ತು. ಅದು ಕೂರುವ ತೂತಿನ ಅಂಚು ಕರಗಿತ್ತು. ಅದೇ ಬೋರ್ಡಿನಲ್ಲಿ ನೀರು ಕಾಯಿಸುವ ಕೆಟಲೂ ಇತ್ತು.

ಲೆಕ್ಕ ನೋಡೋಣ. ೭೦೦ ವಾಟಿನ ಕುಕ್ಕರು ೨೩೦ ವೋಲ್ಟಿನಲ್ಲಿ ಸುಮಾರು ೩ ಆಂಪಿಯರ್ ಎಳೆಯುತ್ತದೆ. ೧೫೦೦ ವಾಟಿನ ಕೆಟಲು ಆರೂವರೆ. ಎರಡೂ ಸೇರಿದರೆ ಒಂಬತ್ತೂವರೆ. ಅವೆರಡನ್ನೂ ಹೊತ್ತಿದ್ದುದು ೬ ಆಂಪಿಯರಿನ ಬೋರ್ಡು! ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಹಿಡಿತ ಇಂತಹ ಕಾವಿಗೆ ಸಡಿಲವಾಗುತ್ತದೆ. ಸಡಿಲವಾದ ಕಡೆ ಇನ್ನಷ್ಟು ಕಾಯುತ್ತದೆ. ಕಾದಷ್ಟೂ ಮತ್ತೂ ಸಡಿಲ. ಇದೊಂದು ವಿಷವರ್ತುಲ. ಸಡಿಲ ಸಂಪರ್ಕದಲ್ಲಿ ಕೇವಲ ಒಂದು ಓಮಿನ ತಡೆಯಿದ್ದರೂ ೩ ಆಂಪಿಯರು ಹರಿದಾಗ ೯ ವಾಟಿನ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ವೈರ್‌ಮನ್ ಬಂದು ೧೬ ಆಂಪಿಯರಿನ ಸಾಕೆಟ್ಟನ್ನು ಪ್ರತ್ಯೇಕ ತಂತಿಯೊಡನೆ ಕೂರಿಸಿ, ಹೊಸ ಪ್ಲಗ್ಗು ಹಾಕಿಕೊಟ್ಟರು. ಕುಕ್ಕರು ಹಳೆಯದೇ. ಈಗಲೂ ಅನ್ನ ಮಾಡುತ್ತಿದೆ.

ದೀಪ ಹತ್ತದಿದ್ದಾಗ ಅನುಸರಿಸಬೇಕಾದ ಕ್ರಮವು ಇದರಿಂದಲೇ ಹೊಳೆಯುತ್ತದೆ: ಹೊರಗಿನಿಂದ ಒಳಕ್ಕೆ. ಅದೇ ಸಾಕೆಟ್ಟಿಗೆ ಒಂದು ಟೇಬಲ್ ಲ್ಯಾಂಪನ್ನು ಹಾಕಿ ನೋಡಿ. ಅದೂ ಹತ್ತದಿದ್ದರೆ ಕುಕ್ಕರು ನಿರಪರಾಧಿ. ಹತ್ತಿದರೆ ಪ್ಲಗ್ಗನ್ನೂ ವೈರನ್ನೂ ನೋಡಿ. ವೈರು ಮುರಿಯುವುದು ಬಹುಮಟ್ಟಿಗೆ ಅದು ಬಾಗುವ ಎರಡು ತುದಿಗಳಲ್ಲಿ. ಕುಕ್ಕರಿನಿಂದ ಬಿಡಿಸಬಹುದಾದ ವೈರಾದರೆ ಇನ್ನೊಂದನ್ನು ಹಾಕಿ ಪರೀಕ್ಷಿಸುವುದು ಸುಲಭ. ಇಷ್ಟಾದರೂ ಕುಕ್ಕರು ಬಿಸಿಯಾಗದಿದ್ದರೆ ದೋಷ ಒಳಗಿದೆ.

ಒಳಗಿನ ದೋಷವನ್ನು ಪತ್ತೆಮಾಡಲು ಮಲ್ಟಿಮೀಟರ್ ಬೇಕು. ಪ್ಲಗ್ಗನ್ನು ಗೋಡೆಯಿಂದ ಸಂಪೂರ್ಣವಾಗಿ ಕಿತ್ತಿಟ್ಟು, ಕುಕ್ಕರಿನೊಳಗೆ ಪಾತ್ರೆಯನ್ನು ಕೂರಿಸಿ, ಲಿವರನ್ನು ಒತ್ತಿ, ಪ್ಲಗ್ಗಿನ ಎರಡು ಸಮನಾದ ಕಾಲುಗಳ ನಡುವೆ ಅಳೆದರೆ ೭೦೦ ವಾಟಿನ ಕುಕ್ಕರು ಸುಮಾರು ೭೫ ಓಮ್ ತೋರಿಸಬೇಕು. ಏನನ್ನೂ ತೋರಿಸದಿದ್ದರೆ ಎಲ್ಲಿಯೋ ದಾರಿ ಕಡಿದಿದೆ. ಅನೇಕ ಸಲ ಕಡಿದಿರುವುದು ಕಾವಲಿಯಲ್ಲ. ಅದರ ಪಕ್ಕದಲ್ಲಿ ಬಟ್ಟೆಯ ಕೊಳವೆಯೊಳಗೆ ಅಡಗಿರುವ ಶಾಖದ ಫ್ಯೂಸು. ಕುಕ್ಕರು ಮಿತಿಮೀರಿ ಕಾದಾಗ ತಾನು ಸತ್ತು ಮನೆಯನ್ನು ಉಳಿಸುವುದಕ್ಕಾಗಿಯೇ ಅದನ್ನು ಇಟ್ಟಿರುತ್ತಾರೆ. ಅಗ್ಗದ ರಿಪೇರಿ ಮಾಡುವ ಕೆಲವರು ಆ ಫ್ಯೂಸನ್ನು ಕಿತ್ತು ಬರಿಯ ತಂತಿಯನ್ನು ಕಟ್ಟಿ, “ಇನ್ನು ಜನ್ಮದಲ್ಲಿ ಕೆಡುವುದಿಲ್ಲ” ಎಂದು ಕೊಟ್ಟುಬಿಡುತ್ತಾರೆ. ಕಾವಲುಗಾರನನ್ನು ಓಡಿಸಿ ಕಳ್ಳರ ಭಯವಿಲ್ಲವೆಂದ ಹಾಗೆ! ಅದೇ ಡಿಗ್ರಿಯ, ಅದೇ ಆಂಪಿಯರಿನ ಫ್ಯೂಸನ್ನೇ ಹಾಕಿಸಬೇಕು. ಅದು ಏಕೆ ಸತ್ತಿತೆಂಬುದನ್ನೂ ಕೇಳಿ ತಿಳಿಯಬೇಕು.

ಇನ್ನು ಸಿರುಗುಪ್ಪ. ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ಭತ್ತದ ಗದ್ದೆಗಳೂ ಅಕ್ಕಿ ಗಿರಣಿಗಳೂ ತುಂಬಿವೆ. ಅಲ್ಲಿ ಅನ್ನ ಕೆಟ್ಟರೆ ಅದು ಮನೆತನದ ಮರ್ಯಾದೆಯ ಪ್ರಶ್ನೆ. ನನ್ನ ಅಕ್ಕನನ್ನು ಆ ಊರಿಗೆ ಕೊಟ್ಟಿದೆ. ಒಂದು ದಿನ ಆಕೆಯ ಫೋನು: “ತಮ್ಮಾ, ಈ ಕುಕ್ಕರು ಐದು ನಿಮಿಷಕ್ಕೇ ಟಕ್ ಅಂತೈತೆ. ಮುಚ್ಚಳ ತೆಗೆದ್ರೆ ಅಕ್ಕಿ ಅಕ್ಕಿಯಾಗೇ ಇರ್ತೈತೆ.”

ನಾನು ಹೋಗುವಷ್ಟರಲ್ಲಿ ಭಾವನವರು ತೀರ್ಪು ಕೊಟ್ಟಾಗಿತ್ತು. “ವೋಲ್ಟೇಜು ಸಾಲದು” ಎಂದು ಅವರ ವಾದ. ಭಾವನವರ ಮಾತನ್ನು ಎದುರಿಸುವುದು ಕಷ್ಟ. ಆದರೆ ವಿಜ್ಞಾನದ ನಿಯಮಕ್ಕೆ ನೆಂಟಸ್ತಿಕೆಯಿಲ್ಲ. ವೋಲ್ಟೇಜು ಇಳಿದರೆ ಶಾಖವು ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ೨೩೦ ಇರಬೇಕಾದಲ್ಲಿ ೧೭೦ ಬಂದರೆ ೭೦೦ ವಾಟಿನ ಕುಕ್ಕರು ಸುಮಾರು ೩೮೦ ವಾಟಿನ ಕುಕ್ಕರಾಗುತ್ತದೆ, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಆಗ ನೀರು ನಿಧಾನವಾಗಿ ಕುದಿಯುತ್ತದೆ, ಲಿವರು ತಡವಾಗಿ ಬೀಳುತ್ತದೆ. ಅಕ್ಕನ ಕುಕ್ಕರಿನಲ್ಲಿ ಅದು ಬೇಗ ಬೀಳುತ್ತಿತ್ತು. “ಭಾವ, ತಡವಾದರೆ ವೋಲ್ಟೇಜಿನ ಮೇಲೆ ಅನುಮಾನ, ಬೇಗವಾದರೆ ತಳದ ಮೇಲೆ ಅನುಮಾನ” ಎಂದೆ.

ಪಾತ್ರೆಯನ್ನು ಹೊರತೆಗೆದು ನೋಡಿದೆವು. ಕಾವಲಿಯ ಮೇಲೆ ನಾಲ್ಕಾರು ಅಕ್ಕಿಕಾಳುಗಳು ಸುಟ್ಟು ಕಪ್ಪಾಗಿ ಅಂಟಿಕೊಂಡಿದ್ದುವು. ಪಾತ್ರೆಯ ತಳವೂ ಒಂದು ಕಡೆ ನೆಗ್ಗಿತ್ತು. ಪಾತ್ರೆ ಸಮನಾಗಿ ಕೂರದಿದ್ದರೆ ಕಾವಲಿಯ ಶಾಖ ಅನ್ನಕ್ಕೆ ದಾಟುವುದಿಲ್ಲ. ಕಾವಲಿ ತಾನೇ ಕಾಯುತ್ತದೆ. ನಡುವಿನ ಗುಂಡಿ ಆ ಕಾವನ್ನು ಕಂಡು, ಅನ್ನವಾಯಿತೆಂದು ಭ್ರಮಿಸಿ ಲಿವರನ್ನು ಬಿಟ್ಟುಬಿಡುತ್ತದೆ. ಪಾತ್ರೆಯೊಳಗಿನ ಒಂದು ಅಗುಳು ನಿಜ ಹೇಳುತ್ತದೆ; ಪಾತ್ರೆಯ ಕೆಳಗಿನ ಒಂದು ಅಗುಳು ಯಂತ್ರದಿಂದ ಸುಳ್ಳು ಹೇಳಿಸುತ್ತದೆ. ಕಾವಲಿ ಪೂರ್ಣ ಆರಿದ ಮೇಲೆ ನುಣುಪಾದ ಉಜ್ಜುಕಾಗದದಿಂದ ಮೆಲ್ಲನೆ ಉಜ್ಜಿ, ಒಣಬಟ್ಟೆಯಿಂದ ಒರೆಸಿದೆವು. ಅದೇ ಅಳತೆಯ ಹೊಸ ಒಳಪಾತ್ರೆ ತಂದೆವು. ಗುಂಡಿಯನ್ನು ಬೆರಳಿನಿಂದ ಒತ್ತಿ, ಅದು ಸರಾಗವಾಗಿ ಕೆಳಗಿಳಿದು ಮೇಲೇಳುವುದನ್ನು ಖಚಿತಮಾಡಿಕೊಂಡೆವು. ಅಂದು ಮಧ್ಯಾಹ್ನ ಮಲ್ಲಿಗೆಯ ಹಾಗೆ ಅನ್ನವಾಯಿತು.

ಭಾವನವರು ಎರಡನೆಯ ಸಲ ಬಡಿಸಿಕೊಳ್ಳುತ್ತ, “ಆದರೂ ವೋಲ್ಟೇಜು ಸ್ವಲ್ಪ ಕಡಿಮೆಯೇ” ಎಂದರು. ನಾನು ಪ್ರತಿವಾದ ಮಾಡಲಿಲ್ಲ.

ಇದಕ್ಕೆ ವಿರುದ್ಧವಾದ ಕಾಯಿಲೆಯೂ ಉಂಟು. ಲಿವರು ಬೀಳುವುದೇ ಇಲ್ಲ, ಅನ್ನ ಸೀಯುತ್ತದೆ. ಆಗ ಗುಂಡಿಯ ಸುತ್ತ ಗಂಜಿ ಹೆಪ್ಪುಗಟ್ಟಿ ಅದನ್ನು ಹಿಡಿದಿರಬಹುದು, ಅಥವಾ ಸ್ವಿಚ್ಚಿನ ಎರಡು ತುದಿಗಳು ಕಿಡಿ ಹಾರಿ ಹಾರಿ ಒಂದಕ್ಕೊಂದು ಬೆಸೆದುಕೊಂಡಿರಬಹುದು. ಗಂಜಿಯನ್ನು ಮನೆಯಲ್ಲಿ ತೆಗೆಯಬಹುದು. ಬೆಸೆದ ಸ್ವಿಚ್ಚನ್ನು ಬಲ್ಲವರೇ ಬದಲಿಸಬೇಕು. ಹಳೆಯ ಅಕ್ಕಿಗೆ ನೀರು ಸಾಲದೆ ಅನ್ನ ಉದುರುದುರಾದರೆ, ಹೊಸ ಅಕ್ಕಿಗೆ ನೀರು ಹೆಚ್ಚಾಗಿ ಮುದ್ದೆಯಾದರೆ, ಅದು ವಿದ್ಯುತ್ತಿನ ದೋಷವಲ್ಲ. ಅದಕ್ಕೆ ಕೈಗುಣವೆಂದು ಹೆಸರು.

ಮೂರನೆಯ ವೃತ್ತಾಂತ ಕುರುಗೋಡಿನದು. ಬೆಟ್ಟಗುಡ್ಡಗಳ ನಡುವಣ ಆ ಊರನ್ನು ಅಲ್ಲಿಯ ದೊಡ್ಡಬಸವೇಶ್ವರನಿಂದಾಗಿ ಎಲ್ಲರೂ ಬಲ್ಲರು. ನಮ್ಮ ತಂದೆಯ ತಂಗಿ, ಎಪ್ಪತ್ತು ದಾಟಿದವರು, ಅಲ್ಲಿ ಹಳೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಕ್ಕಳು ದೂರದ ಊರುಗಳಲ್ಲಿ. ಕಳೆದ ಬೇಸಗೆಯಲ್ಲಿ ನಾನು ಹೋದಾಗ ಅವರು ಅಡುಗೆಮನೆಯಲ್ಲಿ ಒಂದು ಮರದ ಮಣೆಯ ಮೇಲೆ ನಿಂತು ಅಡುಗೆ ಮಾಡುತ್ತಿದ್ದರು. ಊಟಕ್ಕೆ ಕೂರುವ ಮಣೆ. ಅದರ ಮೇಲೆ ನಿಂತಿರುವುದೇಕೆ ಎಂದು ಕೇಳಿದೆ.

“ಕುಕ್ಕರು ಮುಟ್ಟಿದ್ರೆ ಜುಮ್ ಅಂತೈತಪ್ಪ, ಅಷ್ಟೆ. ಮಣೆ ಮ್ಯಾಲೆ ನಿಂತ್ಕಂಡ್ರೆ ಏನೂ ಆಗಲ್ಲ” ಎಂದರು, ಸಾರಿಗೆ ಉಪ್ಪು ಹಾಕುತ್ತ.

“ಎಷ್ಟು ದಿನದಿಂದ ಅತ್ತೆ?”

“ದಿನ ಏನು, ವರ್ಷ ಆತು. ಈ ಕುಕ್ಕರಲ್ಲ, ಇದರ ಮೊದಲಿಂದೂ ಹಂಗೇ ಮಾಡ್ತಿತ್ತು. ಬೆಳಿಗ್ಗೆ ಮಾತ್ರ. ಸಂಜೀಗೆ ಸುಮ್ನಿರ್ತೈತೆ.”

ಈ ಮಾತು ಕೇಳಿ ನನಗೆ ಎದೆ ಝಲ್ಲೆಂದಿತು. ನಮ್ಮ ಮನೆಗಳಲ್ಲಿ ಹೆಂಗಸರು ಎಷ್ಟನ್ನು ‘ಅಷ್ಟೆ’ ಎಂಬ ಒಂದು ಪದದಲ್ಲಿ ನುಂಗಿಕೊಂಡಿರುತ್ತಾರೆ! ಅದೇ ಜುಮ್ಮೆನ್ನುವ ಅನುಭವ ಮನೆಯ ಯಜಮಾನರಿಗೆ ಒಂದು ಸಲ ಆಗಿದ್ದರೆ ಅಂದೇ ವೈರ್‌ಮನ್ ಬಂದಿರುತ್ತಿದ್ದ. ಅತ್ತೆ ಯಾರಿಗೂ ತೊಂದರೆ ಕೊಡಬಾರದೆಂದು ಮಣೆಯನ್ನು ಹುಡುಕಿಕೊಂಡಿದ್ದರು.

ಅದು ಎಂತಹ ‘ಅಷ್ಟೆ’ ಎಂಬುದನ್ನು ಓದುಗರು ಯೋಚಿಸಬೇಕು. ಕುಕ್ಕರು ಎಳೆಯುವುದು ೩ ಆಂಪಿಯರು, ಅಂದರೆ ೩೦೦೦ ಮಿಲಿ ಆಂಪಿಯರು. ಮನುಷ್ಯನ ಎದೆಯ ಮೂಲಕ ಅದರ ನೂರನೆಯ ಒಂದು ಭಾಗ, ೩೦ ಮಿಲಿ ಆಂಪಿಯರು, ಹರಿದರೂ ಪ್ರಾಣಕ್ಕೆ ಅಪಾಯವುಂಟು. ಗೋಡೆಯ ಮೇಲಿನ ೧೬ ಆಂಪಿಯರಿನ ಎಂ.ಸಿ.ಬಿ. ಅದನ್ನು ಗಮನಿಸುವುದೇ ಇಲ್ಲ. ಅದು ತಂತಿ ಸುಡದಂತೆ ಕಾಯುವ ಸಾಧನ, ಮನುಷ್ಯನನ್ನು ಕಾಯುವುದಲ್ಲ. ಒಣಗಿದ ಕೈ, ಮರದ ಮಣೆ ಇರುವಾಗ ಜುಮ್ಮೆನ್ನುವುದು, ಒದ್ದೆ ಕೈ, ಒದ್ದೆ ನೆಲ ಇರುವಾಗ ಕೊಲ್ಲಬಹುದು.

ಆ ದಿನವೇ ಊರಿನ ವೈರ್‌ಮನ್ನನ್ನು ಕರೆಸಿದೆವು. ತರುಣ, ಮಾತು ಕಡಿಮೆ. ಆತ ಮೊದಲು ಟೆಸ್ಟರನ್ನು ಕುಕ್ಕರಿನ ಮೈಗೆ ಮುಟ್ಟಿಸಿದ. ದೀಪ ಹತ್ತಿತು. ಕುಕ್ಕರಿನ ಸ್ವಿಚ್ಚನ್ನು ಆರಿಸಿ ಮತ್ತೆ ಮುಟ್ಟಿಸಿದ. ಆಗಲೂ ದೀಪ ಹತ್ತಿಯೇ ಇತ್ತು! ಪ್ಲಗ್ಗನ್ನು ಕಿತ್ತ ಮೇಲೆ ಮಾತ್ರ ಅದು ನಂದಿತು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಕರೆಂಟು ಕುಕ್ಕರಿಂದ ಬರ್ತಾ ಇಲ್ಲ, ಅರ್ಥಿಂಗ್ ಪಿನ್ನಿಂದ ಕುಕ್ಕರಿಗೆ ಬರ್ತಾ ಐತೆ. ಅಜ್ಜೀ, ಬೆಳಿಗ್ಗೆ ಬೇರೆ ಏನೇನು ಹಾಕ್ತೀರಿ?” ಎಂದು ಕೇಳಿದ.

“ಸ್ನಾನಕ್ಕೆ ಗೀಸರು ಹಾಕ್ತೀನಪ್ಪ” ಎಂದರು ಅತ್ತೆ.

ಗೀಸರನ್ನು ಆರಿಸಿದೊಡನೆ ಕುಕ್ಕರಿನ ಮೈ ತಣ್ಣಗಾಯಿತು. ರಹಸ್ಯ ಬಯಲಾಯಿತು.

ವಿಷಯ ಹೀಗೆ. ಮೂರು ಕಾಲಿನ ಪ್ಲಗ್ಗಿನಲ್ಲಿ ದಪ್ಪನೆಯ, ಉದ್ದನೆಯ ಕಾಲು ಭೂಸಂಪರ್ಕಕ್ಕೆ ಮೀಸಲು. ಯಂತ್ರದ ಲೋಹದ ಮೈಗೆ ಅಕಸ್ಮಾತ್ತಾಗಿ ವಿದ್ಯುತ್ತು ತಗುಲಿದರೆ ಅದು ಮನುಷ್ಯನನ್ನು ಹುಡುಕದೆ ಆ ತಂತಿಯ ಮೂಲಕ ನೆಲ ಸೇರಬೇಕು. ಮನೆಯ ಎಲ್ಲ ಸಾಕೆಟ್ಟುಗಳ ಈ ತಂತಿಗಳು ಒಂದಾಗಿ ಹಿತ್ತಿಲಿನ ಗುಂಡಿಗೆ ಇಳಿಯುತ್ತವೆ. ಅತ್ತೆಯ ಮನೆಯ ಗುಂಡಿ ಬಚ್ಚಲಿನ ಹಿಂದಿತ್ತು. ಹಿಂದೆ ಬಚ್ಚಲ ನೀರು ಅಲ್ಲಿಯೇ ಹರಿದು ನೆಲ ಸದಾ ತೇವವಾಗಿರುತ್ತಿತ್ತು. ಆಮೇಲೆ ಹಿತ್ತಿಲಿಗೆ ಸಿಮೆಂಟು ಹಾಸಿದರು. ಸಿಮೆಂಟಿನ ಕೆಳಗೆ ಹಳೆಯ ತಂತಿ ತುಕ್ಕು ಹಿಡಿದು ತುಂಡಾಯಿತು. ಯಾರಿಗೂ ತಿಳಿಯಲಿಲ್ಲ. ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ. ಭೂಸಂಪರ್ಕ ಹೋದರೆ ಮನೆಯಲ್ಲಿ ಯಾವುದೂ ನಿಲ್ಲುವುದಿಲ್ಲ. ಅದೇ ಅದರ ಅಪಾಯ.

ಇತ್ತ ಗೀಸರಿನ ಒಳಗಿನ ಕಾಯುವ ಕೊಳವೆ ಬಿರುಕು ಬಿಟ್ಟು ವಿದ್ಯುತ್ತು ಸೋರುತ್ತಿತ್ತು. ನೆಲಕ್ಕಿಳಿಯುವ ದಾರಿ ಕಡಿದಿದ್ದರಿಂದ ಅದು ಒಂದಾಗಿದ್ದ ತಂತಿಗಳಲ್ಲಿ ಹಿಂದೆ ಹರಿದು ಮನೆಯ ಪ್ರತಿಯೊಂದು ಯಂತ್ರದ ಮೈಯನ್ನೂ ಸೇರುತ್ತಿತ್ತು. ಪಾಪದ ಕುಕ್ಕರು ಅಡುಗೆಮನೆಯಲ್ಲಿ ಕೈಗೆ ಸಿಗುತ್ತಿತ್ತು, ಆದ್ದರಿಂದ ಅಪರಾಧಿಯಾಯಿತು. ಒಂದು ಕುಕ್ಕರನ್ನು ಬದಲಿಸಿದ್ದೂ ಆಯಿತು, ರೋಗ ಹೋಗಲಿಲ್ಲ. ಅತ್ತೆ ದಿನವೂ ಆ ಗೀಸರು ಉರಿಯುತ್ತಿರುವಾಗಲೇ ನಲ್ಲಿಯ ಕೆಳಗೆ ನೀರು ಹಿಡಿದು ಸ್ನಾನ ಮಾಡುತ್ತಿದ್ದರು. ಬಚ್ಚಲಿನಲ್ಲಿ ಮಣೆಯೂ ಇರಲಿಲ್ಲ.

ಕುರುಗೋಡಿನ ನೆಲ ಕಲ್ಲಿನದು. ಒಣಗಿದ ಕಲ್ಲುನೆಲ ವಿದ್ಯುತ್ತನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ವೈರ್‌ಮನ್ ಹಿತ್ತಿಲಿನ ಮಣ್ಣಿನ ಭಾಗದಲ್ಲಿ ಹೊಸ ಗುಂಡಿ ತೋಡಿಸಿ, ಸತುವಿನ ಲೇಪದ ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪುಗಳನ್ನು ತುಂಬಿ, ನೀರು ಸುರಿಯಲು ಮೇಲೊಂದು ಬಾಯಿ ಬಿಟ್ಟ. ಅನಂತರ ಮೀಟರಿನ ಬಳಿ ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕೂರಿಸಿದ. ಇದು ಹೋದ ವಿದ್ಯುತ್ತಿಗೂ ಮರಳಿ ಬಂದ ವಿದ್ಯುತ್ತಿಗೂ ಲೆಕ್ಕ ತಾಳೆ ನೋಡುವ ಗುಮಾಸ್ತನಂತೆ. ಲೆಕ್ಕದಲ್ಲಿ ಅಷ್ಟು ಸಣ್ಣ ಸೋರಿಕೆ ಕಂಡರೂ ರೆಪ್ಪೆ ಬಡಿಯುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ಅದನ್ನು ಹಾಕಿ ಗೀಸರಿನ ಸ್ವಿಚ್ಚು ಒತ್ತಿದೊಡನೆ ಮನೆಯೆಲ್ಲ ಕತ್ತಲಾಯಿತು. ಅತ್ತೆ ಗಾಬರಿಯಾದರು. “ಅಜ್ಜೀ, ಇದು ಕೆಟ್ಟದ್ದಲ್ಲ, ಕೆಲಸ ಮಾಡಿದ್ದು” ಎಂದ ಆ ಹುಡುಗ. ಗೀಸರಿನ ಕೊಳವೆಯನ್ನು ಬದಲಾಯಿಸಿದ ಮೇಲೆ ಕತ್ತಲಾಗಲಿಲ್ಲ. ಮಣೆ ಊಟದ ಪಂಕ್ತಿಗೆ ಹಿಂದಿರುಗಿತು.

ಜುಮ್ಮೆನ್ನುವುದು ಕುಕ್ಕರಿನಿಂದಲೇ ಆಗುವ ಸಂದರ್ಭಗಳೂ ಉಂಟು. ಕಾವಲಿಯೊಳಗಿನ ಕಾಯುವ ತಂತಿಯ ಸುತ್ತ ಒಂದು ಬಿಳಿಯ ಪುಡಿ ತುಂಬಿರುತ್ತದೆ. ಅದು ಶಾಖವನ್ನು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಆದರೆ ತೇವವನ್ನು ಹೀರಿದರೆ ತಡೆಯುವ ಶಕ್ತಿ ಕುಂದುತ್ತದೆ. ಆದುದರಿಂದ ಕುಕ್ಕರಿನ ಹೊರಮೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಾರದು. ಒಳಪಾತ್ರೆಯ ಹೊರಮೈಯನ್ನು ಒರೆಸದೆ ಇಡಬಾರದು. ಈ ಸೋರಿಕೆಯನ್ನು ಮಲ್ಟಿಮೀಟರು ಹಲವು ಸಲ ಕಾಣಲಾರದು, ಅದು ಸಣ್ಣ ಬ್ಯಾಟರಿಯ ಬಲದಿಂದ ನೋಡುವುದು. ೫೦೦ ವೋಲ್ಟಿನ ಮೆಗ್ಗರ್ ಇರುವವರಲ್ಲಿ ಪರೀಕ್ಷೆ ಮಾಡಿಸಬೇಕು.

ನಮ್ಮ ಕಡೆಯ ಹಳೆಯ ಮನೆಗಳನ್ನು ನೆನೆದರೆ ಈ ಎಚ್ಚರ ಏಕೆ ಬೇಕೆಂಬುದು ತಿಳಿಯುತ್ತದೆ. ೧೯೫೩ರಲ್ಲಿ ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿದ ಕಾಲದ ಮನೆಗೆ ನಾಲ್ಕು ದೀಪ, ಒಂದು ರೇಡಿಯೋ ಇದ್ದರೆ ಅದೇ ವೈಭವ. ಅಂದಿನ ತಂತಿಗಳ ತಲೆಯ ಮೇಲೆ ನಾವು ಫ್ರಿಜ್ಜು, ಗೀಸರು, ಮಿಕ್ಸಿ, ಕುಕ್ಕರುಗಳನ್ನು ಒಂದೊಂದಾಗಿ ಹೇರುತ್ತ ಬಂದಿದ್ದೇವೆ. ೨೦೨೩ರಲ್ಲಿ ಗೃಹಜ್ಯೋತಿ ಯೋಜನೆ ಬಂದು ಅನೇಕ ಮನೆಗಳಿಗೆ ಬಿಲ್ಲಿನ ಚಿಂತೆ ಕಳೆಯಿತು. ಗೋಡೆಯೊಳಗಿನ ತಂತಿಯ ಚಿಂತೆಯನ್ನು ಮನೆಯವರೇ ಮಾಡಬೇಕು.

ಆದುದರಿಂದ ಓದುಗರಲ್ಲಿ, ವಿಶೇಷವಾಗಿ ಗೃಹಿಣಿಯರಲ್ಲಿ, ನನ್ನ ವಿನಂತಿ ಇಷ್ಟು. ಕುಕ್ಕರು ಬಿಸಿಯಾಗದಿದ್ದರೆ ಸಾಕೆಟ್ಟಿನಿಂದ ಹುಡುಕಲಾರಂಭಿಸಿ. ಲಿವರು ಬೇಗ ಬಿದ್ದರೆ ಪಾತ್ರೆಯ ತಳ ನೋಡಿ. ಬೀಳದಿದ್ದರೆ ಸ್ವಿಚ್ಚು ಆರಿಸಿ, ಬಲ್ಲವರನ್ನು ಕರೆಸಿ. ಇವೆಲ್ಲಕ್ಕೂ ಒಂದೆರಡು ದಿನ ಕಾಯಬಹುದು; ಅಷ್ಟರಲ್ಲಿ ಅನ್ನವನ್ನು ಒಲೆಯ ಮೇಲೆ ಮಾಡಿಕೊಳ್ಳಬಹುದು. ಜುಮ್ಮೆಂದರೆ ಮಾತ್ರ ಒಂದು ಗಳಿಗೆಯೂ ಕಾಯಬಾರದು. ಮುಖ್ಯ ಸ್ವಿಚ್ಚನ್ನು ಆರಿಸಿ ವೈರ್‌ಮನ್ನನ್ನು ಕರೆಸಬೇಕು. ಬೇಸಗೆಯಲ್ಲಿ ಭೂಸಂಪರ್ಕದ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿ. ಆರ್.ಸಿ.ಸಿ.ಬಿ. ಇದ್ದರೆ ತಿಂಗಳಿಗೊಮ್ಮೆ ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿ. ಬೀಳದಿದ್ದರೆ ಅದನ್ನು ಬದಲಿಸಿ.

ಇನ್ನೊಂದು ಮಾತು. ಊರಿನಲ್ಲಿ ಒಬ್ಬರೇ ಇರುವ ತಾಯಿಗೋ ಅತ್ತೆಗೋ ಫೋನು ಮಾಡಿದಾಗ “ಊಟವಾಯಿತೆ?” ಎಂದು ನಾವೆಲ್ಲರೂ ಕೇಳುತ್ತೇವೆ. ಒಂದು ಸಲ “ಅಡುಗೆಮನೆಯಲ್ಲಿ ಏನನ್ನಾದರೂ ಮುಟ್ಟಿದರೆ ಜುಮ್ಮೆನ್ನುತ್ತದೆಯೆ?” ಎಂದೂ ಕೇಳಿರಿ. ಅವರು ತಾವಾಗಿ ಹೇಳುವವರಲ್ಲ.